ಉಜ್ಜಬೇಡ

ತರಾವಾದಿಂದ ದೋಣಿಯಲ್ಲಿ ಬಂದ ಇಯೋತೇಬ
ಹೇಳಿಹೋದ: ‘ಉಜ್ಜಬೇಡ, ಬ್ವೆರೇಯಾ.
ಪೊರೆಯ ಮೇಲಿನ ಲೋಳೆ ಹಾಗೇ ಇರಲಿ.’

ಮರಳು, ತೆಂಗಿನ ನಾರು ಹಿಡಿದು
ನಲವತ್ತು ವರ್ಷ ಶಾಲೆಯ ಪಾತ್ರೆ ತಿಕ್ಕಿದ ಕೈ ಇದು.
ಜಾರುವುದೆಲ್ಲ ಕೊಳೆ, ಅಷ್ಟೇ ಗೊತ್ತು.

ಬಾವಿ ಉಪ್ಪಾಗಿ ಬಹಳ ದಿನವಾಯಿತು.
ಈಗ ತಗಡಿಗೆ ಬಿದ್ದ ಮಳೆ
ಕಡಲಹಕ್ಕಿಯ ಹಿಕ್ಕೆಯನ್ನೂ ಕರಕೊಂಡು
ಮೇಲಿನ ತೊಟ್ಟಿಗಿಳಿಯುತ್ತದೆ;
ಅಲ್ಲಿಂದ ಪೊರೆಗೆ ಒಂದೂವರೆ ಮೊಳ.
ಪಂಪಿಲ್ಲ, ಡೀಸೆಲ್ಲಿಲ್ಲ,
ನೀರನ್ನು ನೂಕುವುದು ನೀರಿನದೇ ಭಾರ.

ತೊಟ್.
ಬಹಳ ಹೊತ್ತಿಗೆ, ಮತ್ತೆ ತೊಟ್.
ನನಗೋ ತಾಳ್ಮೆ ಕಡಿಮೆ.
ಒಂದು ರಾತ್ರಿ ಟಾರ್ಚು ಹಲ್ಲಲ್ಲಿ ಕಚ್ಚಿ
ಮುಚ್ಚಳ ತೆಗೆದೆ. ನಾರೂ ಕೈಯಲ್ಲಿತ್ತು.

ಲೋಳೆ ಕದಲಿತು.
ಕಂಡೂ ಕಾಣದ ಹುಳುಗಳು,
ಮೇಯುತ್ತಿದ್ದವು,
ಮೇದಲ್ಲೆಲ್ಲ ಸಣ್ಣ ಸಣ್ಣ ದಾರಿ ಬಿಡುತ್ತ.
ನೀರು ಇಳಿಯುವುದು ಆ ದಾರಿಯಲ್ಲಂತೆ.

ಅಡುಗೆಯವಳು ನಾನು.
ಉಣ್ಣುತ್ತ ಕೂತವರನ್ನು
ಇವತ್ತಿನವರೆಗೆ ಎಬ್ಬಿಸಿದವಳಲ್ಲ.

ಬೆಳಿಗ್ಗೆ ಬಕೆಟ್ಟು ತುಂಬಿತ್ತು,
ಅಂಚಿಗೆ ಎರಡು ಬೆರಳು ಬಾಕಿ.
ಮಕ್ಕಳ ಸಾಲಿನ ಕೊನೆಗೆ
ಪುಟ್ಟ ತೆಕಾರೆಯಾ ಗುಟುಕರಿಸಿ, ಲೋಟದೊಳಗೆ ಇಣುಕಿ,
ಮುಖ ಕಿವುಚಿದಳು:
‘ಉಪ್ಪು ಹಾಕೋದು ಮರೆತೆಯಾ?’