ದೀರ್ಘ

ಬಂದವನಿಗೆ ‘ಹಾ’. ಬಾರದವನಿಗೆ ‘ಗೈ’.
ಅರ್ಧ ದಿನ ದುಡಿದವನಿಗೆ ದೀರ್ಘ ಕಿತ್ತು ಬರೀ ‘ಹ’.
ಇಷ್ಟೇ ನನಗೆ ಕಲಿಸಿದ್ದು.
ಆಲೂರಿನ ಎಸ್ಸೆಸ್ಸೆಲ್ಸಿ ಫೇಲು ನಾನು,
ದೋಣಿಗಾಲಿನಾಚೆ, ರೈಲು ಇನ್ನೂ ಬಾರದ ಘಾಟಿಯಲ್ಲಿ
ಎಲ್ಲರೂ ನನ್ನನ್ನು ‘ರೈಟರೇ’ ಅನ್ನುತ್ತಿದ್ದರು.

ಏಳಕ್ಕೆ ತಗಡಿನ ಶೆಡ್ಡಿನ ಮುಂದೆ ಸಾಲು.
ಗೋಣಿಕೊಪ್ಪೆ ಹೊದ್ದ ತಲೆಗಳು,
ಬೇಪೂರಿನ ಖಲಾಸಿ ಬೀರಾನ್ ಕೋಯನ ತಂಡ,
ಅರಸೀಕೆರೆ ಕಡೆಯ ಕಲ್ಲಿನವರು.
ಹೆಲ್ಮೆಟ್ಟು ಎಂಟೇ ಎಂಟು, ಗೋಡೆಯ ಮೊಳೆಗೆ,
ಸಾಹೇಬರು ಬಂದಾಗ ಸಾಹೇಬರಿಗೆ.
ಮಿಕ್ಕ ದಿನ ಒಂದರಲ್ಲಿ ಅಡುಗೆಯವನು ಮೊಟ್ಟೆ ಇಡುತ್ತಿದ್ದ.

ಆರನೇ ಕಂಬದ ನೆತ್ತಿಯಲ್ಲಿ
ಸರ್ವೆ ಗಳುವಿನ ಅಟ್ಟಣಿಗೆ, ತೆಂಗಿನ ನಾರಿನ ಹಗ್ಗ.
ಮಂಜಿಗೆ ಹಗ್ಗ ಉಬ್ಬಿ ಬಿಗಿಯುತ್ತದೆ,
ಬಿಸಿಲು ಬಂದರೆ ಸಡಿಲ.
ಅವರು ಹೆದರುತ್ತಿದ್ದುದು ಒಳ್ಳೆಯ ಹವೆಗೆ.

ಕೆಂಪಗೆ ಕಾದ ರಿವೆಟ್ಟನ್ನು ಒಬ್ಬ ಇಕ್ಕಳದಿಂದ ಎಸೆದರೆ
ಇನ್ನೊಬ್ಬ ಡಾಲ್ಡಾ ಡಬ್ಬಿಯಲ್ಲಿ ಹಿಡಿಯಬೇಕು.
ಹಿಡಿಯುವವನು ದುರ್ಗಾಭೋವಿ.
ಎಡಗೈಯಲ್ಲಿ ಮೂರೇ ಬೆರಳು.
‘ಎರಡು ಒಳಗೇ ಕೆಲಸ ಮಾಡ್ತಾವೆ ರೈಟರೇ,
ಅವಕ್ಕೂ ಕೂಲಿ ಹಾಕಿ’
ಪ್ರತಿ ಶನಿವಾರದ ಬಟವಾಡೆಗೆ ಅದೇ ಜೋಕು,
ಪ್ರತಿ ಶನಿವಾರ ನಾನು ನಗುತ್ತಿದ್ದೆ.

‘ಬಿದ್ದ’ ಅನ್ನುವ ಮಾತು ಅಲ್ಲಿ ಆಡುವ ಹಾಗಿಲ್ಲ.
ಸುತ್ತಿಗೆ ಜಾರಿದರೆ ‘ಸುತ್ತಿಗೆ ಇಳೀತು.’
ಮನುಷ್ಯರೂ ಇಳಿಯುತ್ತಿದ್ದರು.
ಜನವರಿಯಲ್ಲಿ ಇಬ್ಬರು.

ಫೆಬ್ರವರಿ. ಒಳ್ಳೆಯ ಹವೆ.
ಹನ್ನೊಂದಕ್ಕೆ ಐದು ನಿಮಿಷ ಇರಬೇಕು,
ಚಹಾ ಇನ್ನೂ ಮೇಲೆ ಹೋಗಿರಲಿಲ್ಲ.
ಡಬ್ಬಿಗೆ ರಿವೆಟ್ಟು ಟಣ್ಣೆಂದದ್ದು ಕೇಳಿತು. ಹಿಡಿದಿದ್ದ.
ಆಮೇಲೆ
ಒಂದು ‘ಹ’.
ಅದರ ದೀರ್ಘ ಕೆಂಪುಹೊಳೆಯ ಕಡೆಗೆ ಹೋಯಿತು.

ಕಂಟ್ರಾಕ್ಟರು ಪುಸ್ತಕ ತರಿಸಿದರು.
‘ಗೈ ಅಂತ ಬರಿ. ಬಾರದೇ ಇದ್ದವನು ಹೇಗೆ ಸಾಯ್ತಾನೆ?’
ಪೆನ್ನಿನ ಮುಚ್ಚಳ ತಿರುಗಿಸಿಯೇ ತಿರುಗಿಸಿದೆ.
ಸ್ವಾಮಿ, ಏಳರಿಂದ ಹನ್ನೊಂದು, ಅರ್ಧ ದಿನ ಆಗತ್ತೆ, ಅಂದೆ.
ಐದು ನಿಮಿಷ ಕಮ್ಮಿ, ಅಂದರು.
ಆ ಐದು ನಿಮಿಷಕ್ಕೆ ಜಗಳವಾಡಿದೆ.
ಸತ್ತವನಿಗಾಗಿ ಅಲ್ಲ, ಸುಳ್ಳು ಹೇಳಲಾರೆ,
ಐದು ನಿಮಿಷಕ್ಕೆ,
ಪೇಟೆಯಲ್ಲಿ ನುಗ್ಗೆಕಾಯಿಗೆ ಚೌಕಾಸಿ ಮಾಡಿದ ಹಾಗೆ.
ಮೇಲಿನವರ ಎದುರು ಜನ್ಮದಲ್ಲಿ ನಾನು ದನಿಯೆತ್ತಿದ್ದು ಅದೊಂದೇ ಸಲ.
ಬೇಸತ್ತು ‘ಬರಕೊಂಡು ಸಾಯಿ’ ಅಂದರು.
‘ಹ’ ಬರೆದೆ.
ಷರಾ: ಕೆಳಗಿಳಿದ.

ಚೌಡಕ್ಕನ ಅಂಗೈಗೆ ಒಂದೂ ಮುಕ್ಕಾಲು ರೂಪಾಯಿ ಎಣಿಸಿದೆ.
ಅವಳು ದುಡ್ಡು ನೋಡಲಿಲ್ಲ.
‘ಬುತ್ತಿ ಎಲ್ಲಿ?’ ಅಂದಳು.
ಬುತ್ತಿ ಮೇಲೆಯೇ ಗಳುವಿಗೆ ನೇತಾಡುತ್ತಿತ್ತು.
ಯಾರೂ ಹತ್ತಲೊಲ್ಲರು. ಬೀರಾನ್ ಕೋಯ ಹತ್ತಿದ,
ಹಲ್ಲಲ್ಲಿ ಗಂಟು ಕಚ್ಚಿಕೊಂಡು ಇಳಿದ,
ನಿಜವಾಗಿ ಇಳಿದ, ಒಂದೊಂದೇ ಗಳು ಹಿಡಿದು.
ಮುದ್ದೆ ಇನ್ನೂ ಮೆತ್ತಗಿತ್ತು.
ಅಲ್ಲೇ ಕೂತು ಮಗುವಿಗೆ ತಿನ್ನಿಸಿದಳು.

ಮೂರು ವರ್ಷದ ಮೇಲೆ ಹಾಸನದಲ್ಲಿ ವಿಚಾರಣೆ ನಡೆಯಿತಂತೆ.
ಹಾಜರಿ ಪುಸ್ತಕ ಗೆದ್ದಲು ತಿಂದಿತ್ತಂತೆ.
ಓದಿದ್ದ ಕಣ್ಣು ಎರಡು ಉಳಿದಿದ್ದವು, ನನ್ನವು.
ಯಾರೂ ಕರೆಯಲಿಲ್ಲ.
ನನಗಾಗ ಸೊಸೈಟಿಯಲ್ಲಿ ಹೊಸ ಕೆಲಸ.

ಈಗ ಕಿಟಕಿಯ ಪಕ್ಕ ಕೂತಿದ್ದೇನೆ.
ಸುರಂಗ ಮುಗಿದು ಕಣಿವೆ ಬಾಯಿ ತೆರೆದದ್ದೇ
ಇಡೀ ಬೋಗಿ ಎದ್ದು, ಫೋನು ಎತ್ತಿ, ಒಂದೇ ಉಸಿರಿಗೆ
‘ಹಾ…’ ಅನ್ನುತ್ತದೆ.
ಎಷ್ಟು ಉದ್ದ. ಎಷ್ಟು ಸಲೀಸು.

ಟಿಸಿ ಬಂದು ಟಿಕೆಟ್ ಕೇಳುತ್ತಾನೆ.
ತಡಿಯಪ್ಪ,
ಇನ್ನೂ ಐದನೇ ಕಂಬ.