‘ರೆ’ ಮಾರಿದವಳು

ರೆಜೀನಾ ಸ್ಟಾಂಕಸ್ ಒಂದು ಕಾಳನ್ನೂ ಕೈಯಲ್ಲಿ ಮುಟ್ಟಿದವಳಲ್ಲ.
ನಲವತ್ತು ವರ್ಷ ಅವಳು ಮಾರಿದ್ದು ದಿನಗಳನ್ನು,
ಏನೂ ಆಗದೆ ಕಳೆದುಹೋಗುವ ದಿನಗಳನ್ನು,
ಸೆಂಟಿಗೆ, ಕಾಲು ಸೆಂಟಿಗೆ, ಅರೆಕಾಲು ಸೆಂಟಿಗೆ.

ಶಿಕಾಗೋದ ಆ ಎಂಟು ಮೂಲೆಯ ಗುಂಡಿಯಲ್ಲಿ
ಮೆಟ್ಟಿಲು ಮೆಟ್ಟಿಲಿಗೂ ಗಂಡಸರು, ಬೆವರು, ಎಂಜಲು ಸಿಡಿಸುವ ಕೂಗು.
ನಡುವೆ ಐದಡಿ ಒಂದಂಗುಲದ ಹೆಂಗಸು.
ಬ್ರಿಜ್‌ಪೋರ್ಟಿನಲ್ಲಿ ಬೂಟು ರಿಪೇರಿಯ ಮುದುಕ
ಅವಳ ಅಟ್ಟೆಗೆ ಮೂರಂಗುಲ ರಬ್ಬರು ಹೊಡೆಯುತ್ತ ಕೇಳಿದನಂತೆ,
‘ಅಷ್ಟೆತ್ತರದಿಂದ ಯಾರನ್ನು ನೋಡಬೇಕು ನೀನು?’
‘ನನ್ನನ್ನು ಅವರು ನೋಡಬೇಕು. ಹೊಡಿ.’

ನಾನು ಅವಳ ಗುಮಾಸ್ತ, ಹನ್ನೊಂದು ವರ್ಷ.
ಚೀಟಿ ಎಣಿಸುವುದು, ತಪ್ಪು ಹಿಡಿಯುವುದು,
ಮಧ್ಯಾಹ್ನ ಅವಳ ಗಂಟಲಿಗೆ ಶುಂಠಿ ಮಿಠಾಯಿ.
ಮೊದಲ ಪಾಠ ಅಂಗೈಯದು:
ನಿನ್ನ ಮುಖಕ್ಕಿದ್ದರೆ ಕೊಳ್ಳುತ್ತೀ,
ಲೋಕಕ್ಕಿದ್ದರೆ ಮಾರುತ್ತೀ.
ತಲೆ ಕೆರೆಯಬೇಡ, ನೊಣ ಓಡಿಸಬೇಡ,
ಯಾರಿಗೋ ಟಾಟಾ ಮಾಡಿದೆಯೋ
ಐವತ್ತು ಸಾವಿರ ಬುಷೆಲ್ ಹೋಯಿತು.

ಎರಡನೆಯ ಪಾಠಕ್ಕೆ ಒಂದಿಡೀ ಬೇಸಿಗೆ ಬೇಕಾಯಿತು.
ಜೂನ್ ಬಂತೆಂದರೆ ಜನಕ್ಕೆ ದಿಗಿಲು. ಮೋಡ ಬಾರದಿದ್ದರೆ?
ಆ ‘ರೆ’ ಇದೆಯಲ್ಲ, ಬಾಲದ ಒಂದಕ್ಷರ,
ಅದಕ್ಕೆ ಬೆಲೆ ಕಟ್ಟಿ ಮಾರುವುದೇ ಅವಳ ಕಸುಬು.
ಮೋಡ ಬಂದರೆ, ಬಂದೂ ಹನಿಯದಿದ್ದರೆ,
ಬ್ರೆಜಿಲ್ಲಿನ ಬಂದರಿನಲ್ಲಿ ಹಡಗು ಕೆಟ್ಟು ನಿಂತರೆ,
ಚೀನಾದ ಹಂದಿಗಳಿಗೆ ಹಸಿವು ಹೆಚ್ಚಿದರೆ.
ಕೊಂಡವರು ‘ರೆ’ಯನ್ನು ದಿಂಬಿನಡಿ ಇಟ್ಟು ಮಲಗಿದರು;
ಇವಳಿಗೆ ಎಚ್ಚರ.
ಬೆಳಗಾಗುವಷ್ಟರಲ್ಲಿ ಅದೊಂದಿಷ್ಟು ಸವೆದಿರುತ್ತಿತ್ತು
ಬಚ್ಚಲಿನ ಸೋಪಿನ ಬಿಲ್ಲೆಯ ಹಾಗೆ.
ಆ ಸವೆದದ್ದೇ ಸಂಬಳ.

ಆಮೇಲೆ ಪರರ ದುಡ್ಡು ಬಂತು:
ಸಿಸೆರೋದ ಹಲ್ಲಿನ ಡಾಕ್ಟರು, ಬೆಂಕಿ ಆರಿಸುವವನ ವಿಧವೆ,
ಒಂದು ಕಾನ್ವೆಂಟಿನ ಮುಪ್ಪಿನ ನಿಧಿ.
ತಿಂಗಳಿಗೊಂದು ಪತ್ರ, ಅದರಲ್ಲಿ ಒಂದೇ ಸಾಲು:
‘ಈ ತಿಂಗಳೂ ಏನೂ ಆಗಲಿಲ್ಲ. ಲಾಭ, ನೂರಕ್ಕೆ ಒಂದೂಕಾಲು.’

ಒಂದು ವರ್ಷ ಆಗಿಯೇ ಆಯಿತು.
ಅಯೋವಾದ ಮೇಲೆ ಆಕಾಶ ಅಗುಳಿ ಹಾಕಿಕೊಂಡು ಕೂತಿತು.
ಮೂರು ದಿನ ಬೆಲೆ ಮೇಲಿನ ಮಿತಿಗೆ ತಲೆ ತಾಗಿಸಿ ನಿಂತಿತು.
ಗುಂಡಿ ತುಂಬ ಅಂಗೈಗಳು, ಎಲ್ಲವೂ ಒಳಮುಖ.
ಕೆರೆಯ ಎದುರಿನ ಫ್ಲಾಟು ಮಾರಿದಳು,
ಅಜ್ಜಿ ಲಿಥುವೇನಿಯಾದಿಂದ ಸೆರಗಿನಲ್ಲಿ ಹೊಲಿದು ತಂದ
ಅಂಬರ್ ಸರ ಮಾರಿದಳು.
ಕಾನ್ವೆಂಟಿಗೆ ತಾನೇ ಹೋಗಿ ಹೇಳಿದಳು.
‘ಬೈದರಾ?’ ಎಂದೆ.
‘ಸೂಪು ಬಡಿಸಿದರು. ಮುಗಿಸಿದರೆ ಇನ್ನೊಂದು ಬಟ್ಟಲು.’

ಕಾನೂನು ಕೇಳದಿದ್ದುದನ್ನೂ ತೀರಿಸಿದಳು,
ಏಳು ವರ್ಷ, ಅರೆಕಾಲು ಅರೆಕಾಲಾಗಿ.

ಪರದೆಗಳು ಬಂದವು. ಕೂಗು ನಿಂತಿತು.
ಗಂಟಲು ವಾಸಿಯಾಯಿತು; ಅದನ್ನವಳು ಕ್ಷಮಿಸಲಿಲ್ಲ.
ರಬ್ಬರಿನ ಬೂಟು ಬಾಗಿಲ ಹಿಂದೆ,
ಈಗ ಅದಕ್ಕೆ ಬಾಗಿಲು ಹಿಡಿದು ನಿಲ್ಲಿಸುವ ಕೆಲಸ.

ಎಲ್ಲ ಮುಗಿದ ಮೇಲೆ, ಮೊದಲ ಸಲ, ಕೊಂಡಳು.
ಒಂದೇ ಒಂದು ಕಾಲ್. ಡಿಸೆಂಬರಿನ ಜೋಳ,
ಬೆಲೆ ಕನಸಿನಲ್ಲೂ ಹತ್ತದ ಎತ್ತರಕ್ಕೆ.
‘ಹುಚ್ಚಾ?’ ಎಂದೆ ಫೋನಿನಲ್ಲಿ.
‘ಇಷ್ಟು ವರ್ಷ ಊರಿಗೆಲ್ಲ ಬಡಿಸಿದೆ, ಮಾರಾಯ.
ರುಚಿ ಹೇಗಿದೆಯೋ ನೋಡಬೇಡವೇ?’

ಬೇಸಿಗೆಯಿಡೀ ಹಿತ್ತಿಲ ಮೆಟ್ಟಿಲಲ್ಲಿ ಕೂತು,
ಕಾಫಿ ಆರುವವರೆಗೆ ಮೋಡ ನೋಡಿದಳಂತೆ.
ನವೆಂಬರಿನ ಕೊನೆಯ ಶುಕ್ರವಾರ ಅದು ಸೊನ್ನೆಯಾಯಿತು.
ಆಲೂಗಡ್ಡೆಯ ಕುಗೆಲಿಸ್ ಮಾಡಿ ನನ್ನನ್ನು ಕರೆದಳು.
‘ಹೋಯಿತಾ?’
‘ಹೋಯಿತು. ಏನು ಬೇಸಿಗೆ ಅಂತೀಯ!’

ಬಸ್ಸು ಹತ್ತಿ ತಿರುಗಿದೆ. ಅಡಿಗೆಮನೆಯ ಕಿಟಕಿಯಲ್ಲಿ
ಕೈ ಎತ್ತಿ ನಿಂತಿದ್ದಳು.
ಗಾಜಿನ ತುಂಬ ಹಬೆ;
ಅಂಗೈ ಯಾವ ಕಡೆಗಿತ್ತೋ, ಕಾಣಲಿಲ್ಲ.