ನೋಡತಕ್ಕ ಸ್ಥಳಗಳು

ಪಂಚಾಯ್ತಿಯವರು ಎಂಟು ಫೂಟಿನ ತಗಡು ಕೊಟ್ಟರು,
ಎರಡು ಡಬ್ಬಿ ಬಣ್ಣ, ಒಂದು ಚೀಟಿ:
ಮೇಲೆ ಮರಾಠಿ, ಜಾಗ ಉಳಿದರೆ ಕನ್ನಡ.
ಹಾಲವಾಡಿಗೆ ಬಂದವರು ಏನೇನು ನೋಡಬೇಕು?
ಬರುವವರು ಯಾರು ಅಂತ ನಾನು ಕೇಳಲಿಲ್ಲ.
ಅಕ್ಷರಕ್ಕೆ ಇಷ್ಟು ಅಂತ ನನ್ನ ಲೆಕ್ಕ.

ಒಂದು, ಬುರುಜು.
ಕೋಟೆ ಯಾವತ್ತೋ ಹೋಗಿ
ನಮ್ಮ ನಮ್ಮ ಮನೆಯ ಹೊಸ್ತಿಲಾಯಿತು.
ಉಳಿದ ಬುರುಜಿನ ನೆತ್ತಿಗೆ ಮೆಣಸಿನಕಾಯಿ ಹರವಿದ್ದಾರೆ;
ಈಗ ದಂಡು ಬಂದರೂ ಸೀನುತ್ತ ಹಿಂದಿರುಗಬೇಕು.

ಎರಡು, ಹುಣಸೆಮರದ ದರ್ಗಾ.
ಎಮ್ಮೆ ಯಾರದೇ ಇರಲಿ, ಮೊದಲ ಹಾಲು ಇಲ್ಲಿಗೆ.

ಮೂರು, ಸಂಸ್ಥಾನದ ಕಾಲದ ಗಡಿಯಾರ.
ಮೂರೂ ಇಪ್ಪತ್ತಕ್ಕೆ ನಿಂತಿದೆ.
ಮೂರೂ ಇಪ್ಪತ್ತರ ಬಿಜಾಪುರ ಬಸ್ಸು ಮಾತ್ರ
ಒಂದು ದಿನವೂ ಆ ಹೊತ್ತಿಗೆ ಬಂದದ್ದಿಲ್ಲ.

ನಾಲ್ಕು, ಕಲ್ಲು.
ಸಂತೆಯ ನಟ್ಟನಡುವೆ ಸೊಂಟದ ತನಕ ಹೂತದ್ದು.
ಉಪಾಧ್ಯೆ ಮಾಸ್ತರರು ಬಂದು, ರಂಗೋಲಿ ಪುಡಿ ಸವರಿ,
ಕನ್ನಡಕ ಹಣೆಗೇರಿಸಿ, ಬೆರಳಿನಿಂದ ಓದಿದರು.
"ಪಾಲ್ವಾಡ" ಅಂದರು ಮೊದಲು.
ಪ ಹೋಗಿ ಹ ಆಗಲು ಎಷ್ಟು ಸಂತೆ ಕಳೆದವೋ!
ನಮಗೆ ಹಾಲೆಂದರೆ ಹಾಲು, ಮರಾಠಿಯಲ್ಲಿ ಗೋಳು.
ಜತ್ತದ ಕಂಡಕ್ಟರ್ ದಿನಾ ಕೂಗುತ್ತಾನೆ:
ಗೋಳಿನವರು ಯಾರ್ರೀ, ಇಳೀರಿ.

ಆಮೇಲೆ ಬರೀ ದರಪಟ್ಟಿ.
ಎತ್ತಿನ ಹೇರಿಗೆ ಪಣವೊಂದು,
ಎಲೆಯ ಗಾಡಿಗೆ ಹಾಗವೊಂದು,
ಗಾಣಕ್ಕೆ ಸೊಲ್ಲಗೆ ಎಣ್ಣೆ, ದೇವರ ದೀಪಕ್ಕೆ.
ಯಾವ ರಾಜ, ಯಾವ ಯುದ್ಧ ಅಂತ ಕಾಯುತ್ತಿದ್ದೆ ನಾನು.
ಕಡೆಯ ಸಾಲಿಗೆ ಮಾಸ್ತರರ ಬೆರಳು ನಿಂತಿತು:
"ತಲೆವೊಱೆಗೆ ಸುಂಕಮಿಲ್ಲ."
ಎರಡು ಸಲ ಓದಿದರು. ಸರಿಯಾಗಿಯೇ ಇತ್ತು.
ತಲೆ ಮೇಲೆ ಹೊತ್ತು ತಂದದ್ದಕ್ಕೆ ತೆರಿಗೆಯಿಲ್ಲ.

ಅದೇ ಕಲ್ಲಿಗೆ ಬೆನ್ನು ಕೊಟ್ಟು ಕೂತಿದ್ದಳು ರಖಮವ್ವ.
ರಾಜಗಿರಿ, ಪುಂಡಿಪಲ್ಲೆ, ಒಂದಿಷ್ಟು ಚವಳಿಕಾಯಿ
ನಾಲ್ಕು ಮೈಲಿ ತಲೆಯ ಮೇಲೆ ತಂದವಳು,
ಹತ್ತು ರೂಪಾಯಿಯ ಗುಲಾಬಿ ಪಾವತಿಯನ್ನು
ಎಲೆಯಡಿಕೆ ಚೀಲದೊಳಗೆ ಮಡಚಿಡುತ್ತಿದ್ದಳು.
ಹೇಳಿದೆ.
ಆಕೆ ತಿರುಗಿಯೂ ನೋಡಲಿಲ್ಲ:
"ಕಲ್ಲಿಗೇನು ತಮ್ಮಾ, ಜಾಗಾದ ಬಾಡಿಗಿ ಕೊಡೂದಿಲ್ಲ, ಹೇಳ್ತೈತಿ.
ಪಾವತಿ ಹರಿಯೋ ಹುಡುಗಗ ಓದಿ ಹೇಳು.
ಅವಗ ಕನ್ನಡ ಬರೂದಿಲ್ಲ.
ಪುಂಡಿ ಒಂದು ಸಿವುಡು ಒಯ್ತಿಯೇನು?"

ಒಯ್ದೆ.
ನಾಲ್ಕನೆಯದಕ್ಕೆ "ಪ್ರಾಚೀನ ಶಿಲಾಲೇಖ", ಅಷ್ಟೇ, ಅಂತಿತ್ತು ಚೀಟಿ.
ಬರೆದೆ.
ತಗಡಿನ ಕೆಳಗೆ ಗೇಣು ಜಾಗ ಉಳಿದಿತ್ತು,
ಡಬ್ಬಿಯ ತಳದಲ್ಲಿ ಇಷ್ಟು ಕೆಂಪು.
ಕಲ್ಲಿನ ಕಡೆಯ ಸಾಲನ್ನು ಎರಡೂ ಭಾಷೆಯಲ್ಲಿ ಇಳಿಸಿದೆ.
ಆ ಅಕ್ಷರಗಳನ್ನು ಬಿಲ್ಲಿಗೆ ಹಾಕಲಿಲ್ಲ.

ಮುಂದಿನ ಮಂಗಳವಾರ ಸಂತೆಗೆ ಹೋದರೆ
ಹುಡುಗ ಬೋರ್ಡಿನ ಬುಡಕ್ಕೇ ಮೇಜು ಹಾಕಿದ್ದ,
ಬೆನ್ನು ಈ ಕಡೆ, ಪಾವತಿ ಪುಸ್ತಕ ಆ ಕಡೆ.
ಎಂಟು ಫೂಟಿನ ತಗಡು;
ನೆರಳು ಚೆನ್ನಾಗಿತ್ತು.